ಬೇಲೂರಿನ ಕಪ್ಪೆ, ಕೈದಾಳದ ಕೈ



ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ವಯಸ್ಸು 73. ಊರು ತುಮಕೂರು. ಓದಿದ್ದು ಬಿ.ಕಾಂ. 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ, 2012ರಲ್ಲಿ ಗುಮಾಸ್ತನಾಗಿಯೇ ನಿವೃತ್ತನಾದೆ. ನಡುವೆ ಎರಡು ಸಲ ಬಡ್ತಿಯ ಮಾತು ಬಂದಿತ್ತು. ಬಡ್ತಿ ತೆಗೆದುಕೊಂಡರೆ ಹೊರ ರಾಜ್ಯಕ್ಕೆ ಹೋಗಬೇಕಿತ್ತು. ಅಲ್ಲಿನ ಮಾತು ಬಾರದೆ ಅಲ್ಲಿಯ ಜನರಿಂದ ಕಥೆ ಕೇಳುವುದು ಹೇಗೆ ಎಂದು ಯೋಚಿಸಿ ಬೇಡವೆಂದೆ. ಈ ಕಾರಣವನ್ನು ಮ್ಯಾನೇಜರಿಗೆ ಹೇಳಲಿಲ್ಲ. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಹೌದು, ನನಗೆ ಕಥೆಯ ಹುಚ್ಚು. ಅದರಲ್ಲೂ ಐತಿಹ್ಯಗಳ ಹುಚ್ಚು. ಐತಿಹ್ಯ ಅಂದರೆ ಏನು ಅಂತೀರಾ? "ಒಂದಾನೊಂದು ಊರಿನಲ್ಲಿ ಒಬ್ಬ ರಾಜ ಇದ್ದ" ಎಂದು ಶುರುವಾದರೆ ಅದು ಅಜ್ಜಿ ಕಥೆ. ಆ ಊರು ಯಾವುದೂ ಆಗಬಹುದು. "ನಮ್ಮೂರ ಹಿಂದುಗಡೆ ಒಂದು ಬಂಡೆ ಇದೆಯಲ್ಲ, ಅದರ ಮೇಲೆ ಒಂದು ದಿವಸ" ಎಂದು ಶುರುವಾದರೆ ಅದು ಐತಿಹ್ಯ. ಅದಕ್ಕೆ ವಿಳಾಸ ಇರುತ್ತದೆ. ಬಸ್ಸು ಹತ್ತಿ ಹೋಗಿ ಆ ಬಂಡೆಯನ್ನು ಮುಟ್ಟಿ ನೋಡಬಹುದು.

ಪಾಸ್‌ಬುಕ್ ಬರೆಯುತ್ತಲೇ ನಾನು ಕೌಂಟರಿನ ಆಚೆ ನಿಂತ ರೈತರನ್ನು ಕೇಳುತ್ತಿದ್ದೆ, "ಯಜಮಾನ್ರೇ, ನಿಮ್ಮೂರಿಗೆ ಈ ಹೆಸರು ಯಾಕೆ ಬಂತು?" ಅವರು ಹೇಳಲು ಶುರು ಮಾಡಿದರೆ ಹಿಂದೆ ಸಾಲು ಬೆಳೆಯುತ್ತಿತ್ತು. ಸಾಲಿನಲ್ಲಿದ್ದವರೂ "ಅದು ಹಂಗಲ್ಲ, ನಮ್ಮಜ್ಜ ಬೇರೆ ಥರಾ ಹೇಳ್ತಿದ್ದ" ಎಂದು ಸೇರಿಕೊಳ್ಳುತ್ತಿದ್ದರು. ಮ್ಯಾನೇಜರ್ ಕ್ಯಾಬಿನ್ನಿನಿಂದ ಹೊರಗೆ ಬಂದು ನೋಡುವವರೆಗೂ ಕಥಾ ಕಾಲಕ್ಷೇಪ ನಡೆಯುತ್ತಿತ್ತು. ಸಂಜೆ ಮನೆಗೆ ಹೋಗಿ ಕೆಂಪು ರಟ್ಟಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಎಡಗಡೆ ಪುಟದಲ್ಲಿ ಕಥೆ. ಬಲಗಡೆ ಪುಟದಲ್ಲಿ ಯಾರು ಹೇಳಿದರು, ಯಾವ ಊರಿನವರು, ಯಾವ ತಾರೀಖು. ಅಂಥ ಐದು ಪುಸ್ತಕಗಳು ಈಗಲೂ ನನ್ನ ಬೀರುವಿನಲ್ಲಿವೆ.

ಮೊದಲನೆಯ ಪುಸ್ತಕದ ಮೊದಲನೆಯ ಪುಟದಲ್ಲಿ ಇರುವುದು ಜಕಣಾಚಾರಿಯ ಕಥೆ. ಅದನ್ನು ಬರೆದಿಡುವ ಮೊದಲೇ ನನಗೆ ಬಾಯಿಪಾಠವಾಗಿತ್ತು. 1964ರಲ್ಲಿ 'ಅಮರಶಿಲ್ಪಿ ಜಕಣಾಚಾರಿ' ಸಿನಿಮಾ ಬಂತು. ಪೂರ್ತಿ ಬಣ್ಣದಲ್ಲಿ ತಯಾರಾದ ಮೊದಲ ಕನ್ನಡ ಚಿತ್ರ ಅದು. ಆಗ ನನಗೆ 12 ವರ್ಷ. ಟೆಂಟಿನಲ್ಲಿ ನೆಲದ ಮೇಲೆ ಕೂತು, ಬಾಯಿ ತೆರೆದುಕೊಂಡು ನೋಡಿದೆ. ಮಾರನೆಯ ಭಾನುವಾರ ಅಪ್ಪ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನನ್ನನ್ನು ಕೂರಿಸಿಕೊಂಡು ಕೈದಾಳಕ್ಕೆ ಕರೆದುಕೊಂಡು ಹೋಗಿ, "ನೋಡೋ, ಸಿನಿಮಾದಲ್ಲಿ ನೋಡಿದೆಯಲ್ಲ, ಅವನ ಊರು ಇದೇ" ಎಂದರು. ನನ್ನ ಹುಚ್ಚು ಶುರುವಾದದ್ದು ಅವತ್ತು.

ಈಗ ಪ್ರವಾಸದ ವಿಷಯಕ್ಕೆ ಬರೋಣ.

ಹೋದ ದಸರಾ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಏಳನೆಯ ಕ್ಲಾಸು. ಬೀರು ತೆಗೆದು ನನ್ನ ಮೊದಲ ಪುಸ್ತಕವನ್ನು ಕೈಗೆತ್ತಿಕೊಂಡು, "ತಾತ, ಈ ಜಾಗಕ್ಕೆಲ್ಲ ಹೋಗೋಣ" ಎಂದಳು. ನಾನು, ನನ್ನ ಮನೆಯವಳು, ಮೊಮ್ಮಗಳು ಮೂವರೂ ಹೊರಟೆವು. ಮೊದಲು ಬೇಲೂರು, ಆಮೇಲೆ ಕೈದಾಳ. ಕಥೆ ನಡೆದ ದಾರಿಯಲ್ಲೇ ನಾವೂ ಹೋಗುವುದು ಎಂದು ತೀರ್ಮಾನವಾಯಿತು.

ತುಮಕೂರಿನಲ್ಲಿ ಬೆಳಗಿನ ರೈಲು ಹತ್ತಿದೆವು. ಅಜ್ಜಿ ಡಬ್ಬಿ ತೆಗೆದು ಚಿತ್ರಾನ್ನ ಬಡಿಸಿದಳು. ಮೊಮ್ಮಗಳು ಒಂದು ಕೈಯಲ್ಲಿ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಪುಸ್ತಕದ ಪುಟ ತಿರುವುತ್ತಾ ಇದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು.

"ತಾತ, ಇಲ್ಲಿ ಬಲಗಡೆ ಪುಟದಲ್ಲಿ 'ಬೇಲೂರಿನಲ್ಲಿ ಜಕಣಾಚಾರಿಯ ಹೆಸರು ಕಲ್ಲಿನ ಮೇಲೆ ಕೆತ್ತಿದೆ' ಅಂತ ಬರೆದಿದ್ದೀಯಲ್ಲ. ನಮ್ಮ ಮಿಸ್ಸು ಯಾವ ಶಾಸನದಲ್ಲೂ ಆ ಹೆಸರು ಸಿಕ್ಕಿಲ್ಲ ಅಂದ್ರು."

"ನಾನು 1975ರಲ್ಲಿ ಹೋಗಿ ನೋಡಿಕೊಂಡು ಬಂದು ಬರೆದದ್ದು ಅದು."

"ಹೆಸರನ್ನ ನೀನೇ ಓದಿದ್ಯಾ?"

ನನಗೆ ರೇಗಿತು. "ನಿಮ್ಮ ಮಿಸ್ಸು ಹುಟ್ಟೋಕೆ ಮೊದಲೇ ನಾನು ಬೇಲೂರು ನೋಡಿದ್ದೀನಿ. ಐವತ್ತು ವರ್ಷದಿಂದ ಈ ಕಥೆ ಹೇಳ್ತಿದ್ದೀನಿ. ನೀನು ನನಗೆ ಹೇಳಿಕೊಡ್ತೀಯಾ?"

ಅವಳು ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗಿದಳು. ಅಜ್ಜಿ ಡಬ್ಬಿಯ ಮುಚ್ಚಳ ಹಾಕುತ್ತಾ, "ಬ್ಯಾಂಕ್ ಬಿಟ್ಟು ಹದಿಮೂರು ವರ್ಷ ಆಯ್ತು. ಕೌಂಟರ್ ಕೋಪ ಇನ್ನೂ ಬಿಟ್ಟಿಲ್ಲ" ಎಂದಳು. ಗುಬ್ಬಿ ಹೋಯಿತು, ನಿಟ್ಟೂರು ಹೋಯಿತು. ಹುಡುಗಿ ಮಾತಾಡಲಿಲ್ಲ. ತಿಪಟೂರಿನ ತೆಂಗಿನ ತೋಟಗಳು ಶುರುವಾದಾಗ ನನಗೇ ತಡೆಯಲಾಗದೆ, "ಕಥೆ ಹೇಳಲಾ?" ಎಂದೆ. ಅವಳು ತಲೆಯಾಡಿಸಿದಳು.

ಕಥೆ ಹೀಗಿದೆ. ಗೊತ್ತಿರುವ ಅಜ್ಜ ಅಜ್ಜಿಯರು ಇನ್ನೊಂದು ಸಲ ಕೇಳಿ.

ಕ್ರೀಡಾಪುರ ಎಂಬ ಊರಿನಲ್ಲಿ ಜಕಣಾಚಾರಿ ಎಂಬ ಶಿಲ್ಪಿ ಇದ್ದ. ಅವನಿಗೆ ಕಲ್ಲು ಬಿಟ್ಟರೆ ಬೇರೆ ಪ್ರಪಂಚವಿಲ್ಲ. ತುಂಬು ಬಸುರಿ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಉಳಿ ಸುತ್ತಿಗೆ ಹಿಡಿದು ದೇಶಾಂತರ ಹೊರಟ. ಗುಡಿಯಿಂದ ಗುಡಿಗೆ ಹೋದ, ಮನೆಯನ್ನು ಮರೆತ. ಕೊನೆಗೆ ಬೇಲೂರಿನಲ್ಲಿ ವಿಷ್ಣುವರ್ಧನ ಮಹಾರಾಜ ದೇವಸ್ಥಾನ ಕಟ್ಟಿಸುವಾಗ ಅಲ್ಲಿ ಪ್ರಧಾನ ಶಿಲ್ಪಿಯಾದ. ಇತ್ತ ಅವನ ಮಗ ಡಂಕಣಾಚಾರಿ ಬೆಳೆದು ದೊಡ್ಡವನಾಗಿ, ತಾನೂ ಶಿಲ್ಪಿಯಾಗಿ, ಮುಖವನ್ನೇ ಕಾಣದ ತಂದೆಯನ್ನು ಹುಡುಕಿಕೊಂಡು ಬೇಲೂರಿಗೆ ಬಂದು ಕೂಲಿಗೆ ಸೇರಿಕೊಂಡ.

ಚೆನ್ನಿಗರಾಯನ ವಿಗ್ರಹ ಮುಗಿದಿತ್ತು. ಎಲ್ಲರೂ ಭೇಷ್ ಅನ್ನುತ್ತಿದ್ದರೆ ಹುಡುಗ ಮಾತ್ರ, "ಈ ಕಲ್ಲಿನಲ್ಲಿ ದೋಷ ಇದೆ. ಇದು ಪೂಜೆಗೆ ಆಗುವುದಿಲ್ಲ" ಅಂದ. ಜಕಣಾಚಾರಿಗೆ ಕೆಂಡದಂಥ ಕೋಪ ಬಂತು. "ದೋಷ ತೋರಿಸಿದರೆ ಈ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತೇನೆ" ಎಂದು ಎಲ್ಲರೆದುರು ಶಪಥ ಮಾಡಿದ. ಹುಡುಗ ವಿಗ್ರಹಕ್ಕೆಲ್ಲ ಗಂಧ ಬಳಿಸಿದ. ಗಂಧ ಎಲ್ಲ ಕಡೆ ಒಣಗಿತು, ಹೊಕ್ಕುಳಿನ ಸುತ್ತ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಂದ ಒಂದು ಏಟು ಹಾಕಿದಾಗ ಮರಳು, ನೀರು, ಅದರ ಜೊತೆಗೆ ಒಂದು ಕಪ್ಪೆ ಹೊರಗೆ ಬಂತು. ಜಕಣಾಚಾರಿ ಯಾರ ಮಾತನ್ನೂ ಕೇಳದೆ ಕೈ ಕತ್ತರಿಸಿಕೊಂಡ. ಆಮೇಲೆ "ನೀನು ಯಾರಪ್ಪಾ?" ಎಂದು ಕೇಳಿದಾಗ ಅವನು ತನ್ನ ಮಗ ಎಂದು ತಿಳಿಯಿತು.

ಕನಸಿನಲ್ಲಿ ದೇವರು ಬಂದು, "ನಿನ್ನ ಊರಿನಲ್ಲಿ ನನಗೊಂದು ಗುಡಿ ಕಟ್ಟು" ಎಂದನಂತೆ. ಅಪ್ಪ, ಮಗ ಕ್ರೀಡಾಪುರಕ್ಕೆ ಮರಳಿ ಚೆನ್ನಕೇಶವನ ಗುಡಿ ಕಟ್ಟಿದರು. ಗುಡಿ ಮುಗಿದ ದಿನ ಕಡಿದ ಕೈ ಮತ್ತೆ ಬಂತು. ಕೈ ಬಂದ ಊರಾದ್ದರಿಂದ ಅದು ಕೈದಾಳ ಆಯಿತು.

"ಆ ಅಮ್ಮನ ಕಥೆ ಏನಾಯ್ತು?" ಎಂದು ಕೇಳಿದಳು ಮೊಮ್ಮಗಳು. ಐವತ್ತು ವರ್ಷದಲ್ಲಿ ನಾನು ಯೋಚಿಸದೇ ಇದ್ದ ಪ್ರಶ್ನೆ ಅದು. ಅಜ್ಜಿ ತಟ್ಟನೆ, "ಮಗನಿಗೆ ಉಳಿ ಹಿಡಿಯೋದು ಕಲಿಸಿದವಳು ಅವಳೇ ಇರಬೇಕು. ಅಪ್ಪ ಮನೇಲಿರಲಿಲ್ವಲ್ಲ" ಎಂದಳು. ಅಷ್ಟರಲ್ಲಿ ಅರಸೀಕೆರೆ ಬಂತು.

ಅರಸೀಕೆರೆಯಿಂದ ಬಸ್ಸಿನಲ್ಲಿ ಜಾವಗಲ್, ಹಳೇಬೀಡು ದಾಟಿ ಬೇಲೂರು ಸೇರುವಾಗ ಮಧ್ಯಾಹ್ನ. ಯಗಚಿ ನದಿಯ ದಡದ ಊರು ಇದು. ವಿಷ್ಣುವರ್ಧನ ಇಲ್ಲಿ ದೇವರನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳನ್ನು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಅಂಗಳದ ಕಲ್ಲು ಹಾಸು ಕಾದ ಕಾವಲಿಯ ಹಾಗಿತ್ತು. ಮೊಮ್ಮಗಳು ಕುಪ್ಪಳಿಸುತ್ತಾ ಹೋದಳು. ನಾನೂ ಸ್ವಲ್ಪ ಕುಪ್ಪಳಿಸಿದೆ.

ಇಲ್ಲಿನ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಶಿಲ್ಪಿಗಳು ಒಂದೊಂದು ಬಳೆ, ಒಂದೊಂದು ಗೆಜ್ಜೆಯನ್ನೂ ಬಿಡಿಸಿ ಕೆತ್ತಲು ಆಯಿತು. ಗೋಡೆಯ ಮೇಲ್ಗಡೆ ಓರೆಯಾಗಿ ಮದನಿಕೆಯರು ನಿಂತಿದ್ದಾರೆ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಒಬ್ಬಳ ಕೈಮೇಲೆ ಗಿಳಿ ಕೂತಿದೆ. ಒಳಗಿನವರೂ ಸೇರಿ ಒಟ್ಟು 42 ಮಂದಿ. ಹೊರಗೆ 38 ಇರಬೇಕು ಎಂದು ಮೊಮ್ಮಗಳು ಎಣಿಸುತ್ತಾ ಒಂದು ಸುತ್ತು ಬಂದಳು. ಎರಡು ಸಲ ತಪ್ಪಿ, ಮೂರನೆಯ ಸಲ ಲೆಕ್ಕ ಸರಿಹೋಯಿತು.

ದೊಡ್ಡ ಗುಡಿಯ ಪಕ್ಕದಲ್ಲೇ ಇನ್ನೊಂದು ಗುಡಿ ಇದೆ. ಅದನ್ನು ಕಟ್ಟಿಸಿದವಳು ರಾಣಿ ಶಾಂತಲಾದೇವಿ. ಅಲ್ಲಿರುವವನೇ ನಮ್ಮ ಕಪ್ಪೆ ಚೆನ್ನಿಗರಾಯ. ನಮ್ಮ ಗೈಡು ವಯಸ್ಸಾದವರು, ತಲೆಗೆ ಟವೆಲ್ಲು ಸುತ್ತಿಕೊಂಡಿದ್ದರು. ಹೊಕ್ಕುಳಿನ ಹತ್ತಿರ ಬೆಳಕು ಬಿಟ್ಟು, "ಕಪ್ಪೆ ಬಂದ ಜಾಗ ಇದೇ ಅಂತ ಹೇಳ್ತಾರೆ" ಎಂದರು. ಮೊಮ್ಮಗಳು ಕಣ್ಣರಳಿಸಿ ನೋಡಿದಳು.

ಸಮಯ ನೋಡಿ ನಾನು ಗಂಟಲು ಸರಿಮಾಡಿಕೊಂಡು, ಅವಳಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಕೇಳಿದೆ, "ಜಕಣಾಚಾರಿ ಹೆಸರು ಕೆತ್ತಿರೋ ಕಲ್ಲನ್ನ ಸ್ವಲ್ಪ ತೋರಿಸಿ ಸ್ವಾಮಿ. ನಾನು ಹಿಂದೆ ನೋಡಿದ್ದೆ."

ಗೈಡು ನಕ್ಕರು. "ಎಲ್ಲರೂ ಕೇಳ್ತಾರೆ ಸಾರ್. ಅಂಥ ಕಲ್ಲು ಇಲ್ಲಿಲ್ಲ. ಬೇರೆ ಶಿಲ್ಪಿಗಳ ಹೆಸರಿದೆ, ತೋರಿಸ್ತೀನಿ ಬನ್ನಿ."

ನಾನು 1975ರಲ್ಲಿ ನೋಡಿದ್ದು ಏನನ್ನು? ನೆನಪು ಮಾಡಿಕೊಂಡೆ. ಮದನಿಕೆಯೊಬ್ಬಳ ಕಾಲ ಕೆಳಗೆ ಹಳಗನ್ನಡ ಅಕ್ಷರಗಳಿದ್ದವು. ಜೊತೆಗಿದ್ದ ಯಾರೋ "ಇದೇ ಜಕಣಾಚಾರಿ ಸಹಿ" ಅಂದಿದ್ದರು. ನನಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಆದರೂ ಮನೆಗೆ ಬಂದು ಶಾಯಿಯಲ್ಲಿ ಬರೆದಿಟ್ಟೆ. ಹೇಳಿದ್ದನ್ನು ನೋಡಿದ್ದು ಎಂದು ಬರೆದೆ. ಬ್ಯಾಂಕಿನಲ್ಲಿ ವೋಚರ್ ಇಲ್ಲದೆ ಒಂದು ಪೈಸೆಯನ್ನೂ ಬರೆಯದ ನಾನು ಇಲ್ಲಿ ವೋಚರ್ ಇಲ್ಲದೆ ಲೆಕ್ಕ ಬರೆದಿದ್ದೆ.

ಗೈಡು ತೋರಿಸಿದ ಹೆಸರು ದಾಸೋಜ. ಬಳ್ಳಿಗಾವಿಯವನು. ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ ಆ ಊರು. ಇನ್ನೊಂದು ಹೆಸರು ಚಾವಣ. "ಈ ಚಾವಣ ಯಾರು ಗೊತ್ತಾ ಮರಿ? ದಾಸೋಜನ ಮಗ. ಅಪ್ಪ ಮಾಡಿದ ಮದನಿಕೆ ನಾಲ್ಕು, ಮಗ ಮಾಡಿದ್ದು ಐದು ಅಂತ ಲೆಕ್ಕ ಇದೆ" ಎಂದರು.

ನಾನು ಅಲ್ಲೇ ನಿಂತುಬಿಟ್ಟೆ. ಕಥೆಯ ಅಪ್ಪ ಮಗನ ಹೆಸರು ಕಲ್ಲಿನ ಮೇಲಿಲ್ಲ. ಆದರೆ ಬೇಲೂರಿನಲ್ಲಿ ನಿಜವಾಗಿ ಒಬ್ಬ ಅಪ್ಪ, ಒಬ್ಬ ಮಗ ಒಟ್ಟಿಗೆ ಉಳಿ ಹಿಡಿದು ಕೆಲಸ ಮಾಡಿದ್ದರು. ಮಗನ ಲೆಕ್ಕ ಅಪ್ಪನ ಲೆಕ್ಕಕ್ಕಿಂತ ಒಂದು ಹೆಚ್ಚು. ಆ ಅಪ್ಪ ಅದನ್ನು ನೋಡಿ ಏನಂದುಕೊಂಡನೋ.

ಮೊಮ್ಮಗಳು "ನಾನು ಹೇಳಲಿಲ್ವಾ" ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಏನೂ ಅನ್ನಲಿಲ್ಲ. ನನ್ನ ಕೈ ಹಿಡಿದುಕೊಂಡು, "ತಾತ, ಬಿಸಿಲು ಜಾಸ್ತಿ ಇದೆ, ನೆರಳಿಗೆ ಹೋಗೋಣ" ಎಂದಳು.

ಮಂಟಪದ ನೆರಳಿನಲ್ಲಿ ಕೂತಾಗ ಅವಳ ಎರಡನೆಯ ಪ್ರಶ್ನೆ ಬಂತು. "ಕಲ್ಲೊಳಗೆ ಕಪ್ಪೆ ಉಸಿರಾಡೋದು ಹೇಗೆ?"

ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ಬಂಡೆಯೊಳಗೆ ಕಪ್ಪೆ ಸಿಕ್ಕಿತು ಎಂಬ ಕಥೆಗಳು ನಮ್ಮಲ್ಲಿ ಮಾತ್ರವಲ್ಲ, ಯುರೋಪಿನಲ್ಲೂ ಬೇಕಾದಷ್ಟಿವೆ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಬಕ್‌ಲ್ಯಾಂಡ್ ಎಂಬ ಭೂವಿಜ್ಞಾನಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ. ಸುಣ್ಣಕಲ್ಲು, ಮರಳುಗಲ್ಲುಗಳಲ್ಲಿ ಒಟ್ಟು 24 ಗೂಡು ಕೊರೆದು, ಒಂದೊಂದರಲ್ಲಿ ಒಂದು ನೆಲಗಪ್ಪೆ ಇಟ್ಟು ಮುಚ್ಚಿ, ತೋಟದಲ್ಲಿ ಹೂಳಿದ. ಒಂದು ವರ್ಷ ಬಿಟ್ಟು ತೆಗೆದರೆ ಗಾಳಿ ಹೋಗದ ಮರಳುಗಲ್ಲಿನವು ಎಲ್ಲವೂ ಸತ್ತಿದ್ದವು. ಸಣ್ಣ ಸಣ್ಣ ರಂಧ್ರಗಳಿದ್ದ ಸುಣ್ಣಕಲ್ಲಿನಲ್ಲಿ ಕೆಲವು ಬದುಕಿದ್ದವು. ಅವನ್ನು ಮತ್ತೆ ಮುಚ್ಚಿಟ್ಟ. ಎರಡನೆಯ ವರ್ಷ ಮುಗಿಯುವುದರೊಳಗೆ ಅವೂ ಸತ್ತವು.

"ಪಾಪ" ಎಂದಳು ಮೊಮ್ಮಗಳು. "ಹಾಗಾದ್ರೆ ಕಪ್ಪೆನೂ ಸುಳ್ಳು."

"ಕಲ್ಲಿನೊಳಗೆ ಕಪ್ಪೆ ಬದುಕೋದು ಸುಳ್ಳು. ಅದರ ಮೇಲೆ ಉಳಿದ ಕಥೆ ಯಾಕೆ ಉಳಿದುಕೊಂಡಿತು ಅಂತ ಯೋಚನೆ ಮಾಡು" ಎಂದು ಅವಳಿಗೆ ಇನ್ನೆರಡು ಕಥೆ ಹೇಳಿದೆ.

ಕೇರಳದಲ್ಲಿ ಪೆರುಂತಚ್ಚನ್ ಎಂಬ ದೊಡ್ಡ ಬಡಗಿಯ ಕಥೆ ಹೇಳುತ್ತಾರೆ. ಮಗ ಅಪ್ಪನನ್ನು ಮೀರಿಸಿದ ಕೆಲಸಗಾರನಾದ. ಒಂದು ದಿನ ಅಪ್ಪ ಮೇಲೆ ಕೆಲಸ ಮಾಡುತ್ತಿದ್ದಾಗ ಅವನ ಕೈಯಿಂದ ಉಳಿ ಜಾರಿ ಕೆಳಗಿದ್ದ ಮಗನ ಕುತ್ತಿಗೆಗೆ ಬಿತ್ತು. ಜಾರಿ ಬಿತ್ತೋ, ಹೊಟ್ಟೆಕಿಚ್ಚಿನಿಂದ ಬಿಟ್ಟನೋ ಎಂದು ಜನ ಈಗಲೂ ಮಾತಾಡಿಕೊಳ್ಳುತ್ತಾರೆ. ಒಡಿಶಾದ ಕೋನಾರ್ಕದಲ್ಲಿ ಧರ್ಮಪದ ಎಂಬ 12 ವರ್ಷದ ಹುಡುಗನ ಕಥೆ ಇದೆ. ಅಪ್ಪನೂ ಸೇರಿ 1200 ಶಿಲ್ಪಿಗಳಿಗೆ ಕೂರಿಸಲಾಗದ ಶಿಖರದ ಕಲ್ಲನ್ನು ಅವನು ಕೂರಿಸಿದ. ಹುಡುಗ ಮಾಡಿದ ಎಂದು ರಾಜನಿಗೆ ಗೊತ್ತಾದರೆ ದೊಡ್ಡವರ ತಲೆ ಉಳಿಯುವುದಿಲ್ಲ ಎಂದು ಸಮುದ್ರಕ್ಕೆ ಹಾರಿಕೊಂಡ.

ಮೊಮ್ಮಗಳು ಬೆರಳು ಮಡಿಸಿದಳು. "ಕೇರಳದಲ್ಲಿ ಮಗ ಸತ್ತ. ಒಡಿಶಾದಲ್ಲೂ ಮಗ ಸತ್ತ. ನಮ್ಮ ಕಥೇಲಿ ಮಗನಿಗೆ ಏನೂ ಆಗಲಿಲ್ಲ. ಅಪ್ಪ ಕೈ ಕೊಟ್ಟ."

"ಹೌದು. ತಪ್ಪು ಯಾರದೋ ಅವರೇ ಬೆಲೆ ತೆತ್ತರು."

ಆ ಮಾತು ಹೇಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ನಲವತ್ತು ವರ್ಷದಿಂದ ಯಾರಿಗೂ ಹೇಳದೆ ಇದ್ದದ್ದನ್ನು ಆ ಮಂಟಪದಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಹೇಳಿದೆ.

1984ರ ಜೂನ್ 30. ಆಗ ಬ್ಯಾಂಕುಗಳಲ್ಲಿ ಅರ್ಧ ವರ್ಷದ ಲೆಕ್ಕ ಮುಗಿಸುವ ದಿನ ಅದು. ನಾನಿದ್ದದ್ದು ಮಲೆನಾಡಿನ ಒಂದು ಸಣ್ಣ ಶಾಖೆ. ಹೊರಗೆ ಧೋ ಎಂದು ಮಳೆ. ಕಂಪ್ಯೂಟರ್ ಇಲ್ಲದ ಕಾಲ. ಎಲ್ಲ ಖಾತೆಗಳನ್ನೂ ಕೈಯಲ್ಲಿ ಕೂಡಿ, ಮೊತ್ತ ತಾಳೆಯಾಗಬೇಕು. ರಾತ್ರಿ ಹನ್ನೊಂದಾದರೂ ತಾಳೆಯಾಗಲಿಲ್ಲ. ವ್ಯತ್ಯಾಸ 2,700 ರೂಪಾಯಿ.

ಹೊಸದಾಗಿ ಸೇರಿ ಮೂರು ತಿಂಗಳಾಗಿದ್ದ ಒಬ್ಬ ಹುಡುಗ ಇದ್ದ. ಅವನು ಬಂದು ಮೆಲ್ಲಗೆ, "ಸಾರ್, ವ್ಯತ್ಯಾಸ ಒಂಬತ್ತರಿಂದ ಭಾಗ ಆಗುತ್ತೆ. ಎಲ್ಲೋ ಅಂಕಿ ಹಿಂದುಮುಂದಾಗಿದೆ. ನಿಮ್ಮ ಲೆಡ್ಜರಿನಲ್ಲಿ ಒಂದು ಸಲ ನೋಡ್ಲಾ?" ಎಂದ. ಮಕ್ಕಳೇ, ಇದು ಗುಮಾಸ್ತರ ಹಳೆಯ ಉಪಾಯ. ಯಾವುದೇ ಸಂಖ್ಯೆಯಲ್ಲಿ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ನೀವೇ ಮಾಡಿ ನೋಡಿ.

ನಾನು ಅವನ ಮೇಲೆ ಹರಿಹಾಯ್ದೆ. "ಹತ್ತು ವರ್ಷ ಸರ್ವೀಸ್ ನನ್ನದು. ನನ್ನ ಲೆಡ್ಜರಿನಲ್ಲಿ ತಪ್ಪು ಹುಡುಕ್ತೀಯಾ?" ಎಲ್ಲರೆದುರು. ಅವನು ಮುಖ ಸಣ್ಣದು ಮಾಡಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತ. ರಾತ್ರಿ ಎರಡು ಗಂಟೆಗೆ, ಯಾರೂ ನೋಡದ ಹಾಗೆ ನನ್ನ ಲೆಡ್ಜರ್ ತೆಗೆದು ನೋಡಿದೆ. 5,840 ಬರೆಯುವ ಕಡೆ 8,540 ಬರೆದಿದ್ದೆ. ನನ್ನದೇ ಅಕ್ಷರ. ಸರಿಮಾಡಿದೆ, ಲೆಕ್ಕ ತಾಳೆಯಾಯಿತು. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, "ಅನುಭವ ಅಂದರೆ ಇದು, ಕಂಡುಹಿಡಿದುಬಿಟ್ಟಿರಿ" ಎಂದರು. ಆ ಹುಡುಗ ಅಲ್ಲೇ ನಿಂತಿದ್ದ. ನಾನು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಅವನಿಗೆ ವರ್ಗವಾಯಿತು.

ಹೇಳಿ ಮುಗಿಸಿದಾಗ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಮೊಮ್ಮಗಳು ಸ್ವಲ್ಪ ಹೊತ್ತು ಬಿಟ್ಟು, "ಅವರು ಇದ್ದಾರಾ ತಾತ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಬೇಲೂರಿನಲ್ಲೇ ಉಳಿದು ಮಾರನೆಯ ದಿನ ತುಮಕೂರಿಗೆ ವಾಪಸ್ಸಾದೆವು. ಅದರ ಮಾರನೆಯ ಬೆಳಿಗ್ಗೆ ಕೈದಾಳ. ಕುಣಿಗಲ್ ರಸ್ತೆಯಲ್ಲಿ ಹೋದರೆ ಮೊದಲು ಗೂಳೂರು, ದೀಪಾವಳಿಗೆ ಕೂರಿಸುವ ದೊಡ್ಡ ಮಣ್ಣಿನ ಗಣಪನಿಗೆ ಹೆಸರಾದ ಊರು. ಅದರ ಹತ್ತಿರವೇ ಕೈದಾಳ. ಅಪ್ಪ ಸೈಕಲ್ಲಿನಲ್ಲಿ ಕರೆದುಕೊಂಡು ಹೋದ ದಾರಿಯಲ್ಲಿ ಈಗ ಆಟೋದಲ್ಲಿ ಹೋದೆವು.

ಬೇಲೂರು ನೋಡಿ ಬಂದ ಕಣ್ಣಿಗೆ ಕೈದಾಳದ ಗುಡಿ ಸಾದಾ ಕಾಣುತ್ತದೆ. ಹೊರಗೋಡೆಯಲ್ಲಿ ಅಷ್ಟೊಂದು ಕುಸುರಿ ಇಲ್ಲ. ಒಳಗಿರುವ ಚೆನ್ನಕೇಶವನ ಮೂರ್ತಿ ಮಾತ್ರ ಬಹಳ ಚೆಲುವು. ಪಕ್ಕದಲ್ಲಿ ಗಂಗಾಧರೇಶ್ವರನ ಗುಡಿ ಇದೆ. ಇಲ್ಲಿಯ ಶಾಸನ ಹೇಳುವುದು, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ ಬಾಚಿ ಎಂಬ ಸಾಮಂತ ಇದನ್ನು ಕಟ್ಟಿಸಿದ ಎಂದು. ಇಸವಿ 1150ರ ಸುಮಾರು.

ಮೊಮ್ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "1117ಕ್ಕೂ 1150ಕ್ಕೂ 33 ವರ್ಷ. ಬೇಲೂರಿನಲ್ಲಿ ಜಕಣಾಚಾರಿಗೆ ನಲವತ್ತು ಅಂತ ಇಟ್ಕೊಂಡ್ರೆ ಇಲ್ಲಿ ಗುಡಿ ಮುಗಿಸುವಾಗ 73. ತಾತ, ನಿನ್ನ ವಯಸ್ಸು!"

ಬಾಗಿಲ ಕಂಬದಲ್ಲಿ ಕೈಮುಗಿದು ನಿಂತ ಒಂದು ಸಣ್ಣ ಮೂರ್ತಿ ಇದೆ. ಊರಿನವರು ಇವನೇ ಜಕಣಾಚಾರಿ ಎನ್ನುತ್ತಾರೆ. ಗುಡಿ ಕಟ್ಟಿಸಿದ ಸಾಮಂತನ ಮೂರ್ತಿ ಇರಬಹುದು ಎಂದು ತಿಳಿದವರು ಹೇಳುತ್ತಾರೆ. 1964ರಲ್ಲಿ ಅಪ್ಪ ಅದರ ಮುಂದೆ ನನ್ನನ್ನು ನಿಲ್ಲಿಸಿ, "ಎಷ್ಟು ಕೈ ಇದೆ ಎಣಿಸು" ಎಂದಿದ್ದರು. ನಾನೂ ಮೊಮ್ಮಗಳಿಗೆ ಅದನ್ನೇ ಹೇಳಿದೆ. ಅವಳು ಹತ್ತಿರ ಹೋಗಿ ನೋಡಿ, "ಎರಡೂ ಇದೆ" ಎಂದು ನಕ್ಕಳು.

ಮನೆಗೆ ಬಂದ ಮೇಲೆ ಎರಡು ಕೆಲಸ ಮಾಡಿದೆ.

ಮೊದಲನೆಯದು, ಹಳೆಯ ಸಹೋದ್ಯೋಗಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಆ ಹುಡುಗನ ನಂಬರು ಹುಡುಕಿದ್ದು. ಹುಡುಗ ಎಂದರೆ ಈಗ ಅವರಿಗೂ ಅರವತ್ತು ದಾಟಿದೆ, ನಿವೃತ್ತರಾಗಿ ಮೊಮ್ಮಗನನ್ನು ಆಡಿಸಿಕೊಂಡಿದ್ದಾರೆ. ನಾನು ಆ ರಾತ್ರಿಯ ವಿಷಯ ಹೇಳಿ, "ತಪ್ಪು ನನ್ನದಾಗಿತ್ತು. ಕಂಡುಹಿಡಿದದ್ದು ನೀವು. ಅವತ್ತೇ ಹೇಳಬೇಕಿತ್ತು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಶಬ್ದವೇ ಇಲ್ಲ. ಆಮೇಲೆ ಅವರು, "ನೆನಪಿದೆ ಸಾರ್. ಬೆಳಿಗ್ಗೆ ಮಳೇಲಿ ಹೋಟೆಲಿಗೆ ಕರ್ಕೊಂಡು ಹೋಗಿ ಕಾಫಿ ಕೊಡಿಸಿದ್ರಿ, ಏನೂ ಮಾತಾಡಲಿಲ್ಲ. ಹೇಳೋದು ಇದೆ, ಬಾಯಿಗೆ ಬರ್ತಿಲ್ಲ ಅಂತ ಅಂದುಕೊಂಡೆ. ಅಂದ ಹಾಗೆ, ಆ ಒಂಬತ್ತರ ಲೆಕ್ಕ ನನಗೆ ಹೇಳಿಕೊಟ್ಟಿದ್ದು ನೀವೇ ಅಲ್ವಾ?" ಎಂದರು. ಕಾಫಿ ಕೊಡಿಸಿದ್ದು ನನಗೆ ಮರೆತೇ ಹೋಗಿತ್ತು.

ಎರಡನೆಯದು, ಪುಸ್ತಕದ ಲೆಕ್ಕ. ಬ್ಯಾಂಕಿನಲ್ಲಿ ತಪ್ಪು ಬರೆದರೆ ರಬ್ಬರಿನಿಂದ ಅಳಿಸುವಂತಿಲ್ಲ, ಅದರ ಮೇಲೆಯೇ ತಿದ್ದುವಂತಿಲ್ಲ. ಹಳೆಯದು ಕಾಣುವ ಹಾಗೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ನೋಡಿದವರು ಪಕ್ಕದಲ್ಲಿ ಇನಿಷಿಯಲ್ ಹಾಕಬೇಕು. ಹಾಗೆಯೇ ಮಾಡಿದೆ. 'ಜಕಣಾಚಾರಿಯ ಹೆಸರು ಕೆತ್ತಿದೆ' ಎಂಬುದರ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, 'ಜನ ಹೇಳುತ್ತಾರೆ. ಕಲ್ಲಿನ ಮೇಲೆ ಇರುವ ಹೆಸರು ದಾಸೋಜ, ಅವನ ಮಗ ಚಾವಣ' ಎಂದು ಬರೆದೆ. ಎಡಗಡೆ ಪುಟದ ಕಥೆಯಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ. ಅದು ಅಪ್ಪ ಹೇಳಿದ್ದು, ಹೇಳಿದ ಹಾಗೆಯೇ ಇರಬೇಕು. ಕೊನೆಯಲ್ಲಿ ಅಜ್ಜಿಯ ಮಾತೊಂದನ್ನು ಸೇರಿಸಿದೆ: 'ಮಗನಿಗೆ ಉಳಿ ಹಿಡಿಯಲು ಕಲಿಸಿದವಳು ತಾಯಿ ಇರಬೇಕು.' ಯಾರು ಹೇಳಿದರು, ಯಾವ ರೈಲಿನಲ್ಲಿ, ಯಾವ ತಾರೀಖು ಎಂಬುದನ್ನು ಬಲಗಡೆ ಬರೆದೆ.

ತಿದ್ದುಪಡಿಯ ಪಕ್ಕದಲ್ಲಿ ಇನಿಷಿಯಲ್ ಹಾಕಿದವಳು ಮೊಮ್ಮಗಳು. ಹಾಕುವ ಮೊದಲು ಪೂರ್ತಿ ಓದಿ, ಒಂದು ಕಡೆ ಬಿಟ್ಟುಹೋಗಿದ್ದ ಕೊಂಬನ್ನೂ ತೋರಿಸಿದಳು. ಅದನ್ನೂ ಸರಿಮಾಡಿದೆ. ಈ ಸಲ ರೇಗಲಿಲ್ಲ.

ಮಕ್ಕಳೇ, ನಿಮ್ಮ ಊರಿನ ಬಂಡೆಗೆ, ಕೆರೆಗೆ, ಗುಡ್ಡಕ್ಕೆ ಆ ಹೆಸರು ಯಾಕೆ ಬಂತು ಎಂದು ಇವತ್ತೇ ಅಜ್ಜ ಅಜ್ಜಿಯರನ್ನು ಕೇಳಿ. ಒಂದು ಪುಸ್ತಕ ತೆಗೆದುಕೊಳ್ಳಿ. ಎಡಗಡೆ ಕಥೆ ಬರೆಯಿರಿ, ಬಲಗಡೆ ಯಾರು ಹೇಳಿದರು ಎಂದು ಬರೆಯಿರಿ. ಕೇಳಿದ್ದನ್ನು ಕೇಳಿದ್ದು ಎಂದೇ ಬರೆಯಿರಿ, ನೋಡಿದ್ದನ್ನು ನೋಡಿದ್ದು ಎಂದು ಬರೆಯಿರಿ. ಅಜ್ಜ ಅಜ್ಜಿಯರೇ, ಮಕ್ಕಳು ನಡುವೆ "ಅದು ನಿಜವಾ?" ಎಂದು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಪುಟದ ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟಿರಿ. ಕೆಂಪು ಶಾಯಿಗೆ ಬೇಕಾಗುತ್ತದೆ.